ಸಿಮ್ಮಿನ ಯಜಮಾನ

ಪೊಲೀಸರು ಹುಡುಕಿಕೊಂಡು ಬಂದಾಗ ಬಾಲಚಂದ್ರಪ್ಪ ವಿಜಯವಾಡದ ಗವರ್ನರ್‌ಪೇಟೆಯ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ಪುಂಡಿ ಸೊಪ್ಪು ಸೋಸುತ್ತ ಕೂತಿದ್ದ. ಕೊರೋನಾ ಬಂದು ಮೂರು ತಿಂಗಳಾಗಿತ್ತು. ಮೂರು ತಿಂಗಳಿಂದ ಅವನು ಮೆಟ್ಟಿಲು ಇಳಿದಿರಲಿಲ್ಲ.

"ಅಚ್ಯುತಾಪುರಂಗೆ ಯಾವಾಗ ಹೋಗಿದ್ರಿ ತಾತಾ?" ಕಾನ್‌ಸ್ಟೇಬಲ್ ದುರ್ಗಾಂಬ ತೆಲುಗಿನಲ್ಲಿ ಕೇಳಿದಳು. ಮೊಳಕಾಲ್ಮೂರು ಕಡೆಯವನಿಗೆ ತೆಲುಗೇನು ಹೊಸದಲ್ಲ.

"ನಾನಾ? ಕೆಳಗಿನ ಹಾಲಿನಂಗಡಿಗೇ ಹೋಗಿಲ್ಲ ಕಣವ್ವ."

ಸಂಗತಿ ಇಷ್ಟು. ವಿಶಾಖಪಟ್ಟಣದ ಆಚೆ ಅಚ್ಯುತಾಪುರಂನ ಔಷಧಿ ಫ್ಯಾಕ್ಟರಿಯೊಂದರಲ್ಲಿ ಕ್ಯಾಂಟೀನಿನವನಿಗೆ ಸೋಂಕು ತಗುಲಿತ್ತು. ಅವನ ಸುತ್ತ ಓಡಾಡಿದ ಫೋನುಗಳನ್ನೆಲ್ಲ ಪೊಲೀಸರು ಮೊಬೈಲ್ ಟವರಿನ ಲೆಕ್ಕದಿಂದ ಹೆಕ್ಕಿ ಪಟ್ಟಿ ಮಾಡಿದ್ದರು. ಅದರಲ್ಲೊಂದು ನಂಬರಿನ ಯಜಮಾನ ಬಾಲಚಂದ್ರಪ್ಪ, ವಯಸ್ಸು ಎಪ್ಪತ್ತಾರು, ವಿಳಾಸ ಇದೇ ಮನೆ. ಎರಡು ಸಲ ಫೋನು ಮಾಡಿದ್ದರಂತೆ, ಯಾರೂ ಎತ್ತಲಿಲ್ಲವಂತೆ.

ಎತ್ತುವುದು ಹೇಗೆ? ಆ ಫೋನು ಮೊಮ್ಮಗಳು ಅಪೂರ್ವಾಳ ಹತ್ತಿರ. ಅವಳ ಕೆಲಸ ಅದೇ ಫ್ಯಾಕ್ಟರಿಯಲ್ಲಿ, ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಐದಾರು ವರ್ಷದ ಕೆಳಗೆ ಸಿಮ್ ಕೊಳ್ಳುವಾಗ ಅವಳಿಗೆ ಹದಿನೆಂಟು ತುಂಬಿರಲಿಲ್ಲ. ಮನೆಯಲ್ಲಿ ಕೈಗೆ ಸಿಕ್ಕಿದ್ದು ತಾತನ ಆಧಾರ್.

"ಫೋನು ಹುಡುಗಿ ಹತ್ರ ಐತೆ. ನಿಮಗೆ ಬೇಕಾಗಿರೋಳು ಅವಳು" ಎಂದು ಅವನು ಮೂರು ಸಲ ಹೇಳಿದ. ದುರ್ಗಾಂಬ ಅವನ ಮಗ ಧನಂಜಯನ ಕಡೆ ತಿರುಗಿದಳು. ಬೆಂಜ್ ಸರ್ಕಲ್ಲಿನ ಬ್ಯಾಂಕಿನಲ್ಲಿ ಕೂತು, ಒಬ್ಬರ ಹೆಸರಿನ ಖಾತೆಯನ್ನು ಇನ್ನೊಬ್ಬರು ನಡೆಸಕೂಡದೆಂದು ದಿನವಿಡೀ ಗಿರಾಕಿಗಳಿಗೆ ಬುದ್ಧಿ ಹೇಳುವ ಮಗ, ಖಾಕಿ ಕಂಡದ್ದೇ ತೊದಲಿದ.

"ನಂಬರು... ನಮ್ಮಪ್ಪಂದೇ ಮೇಡಂ."

ಅಷ್ಟು ಸಾಕಾಯಿತು. ಮುದುಕನನ್ನು ಕಾಲೇಜು ಹಾಸ್ಟೆಲೊಂದರ ಕ್ವಾರಂಟೈನಿಗೆ ತಂದು ಹಾಕಿದರು. ಮೂಗಿಗೆ ಕಡ್ಡಿ ಚುಚ್ಚಿದರು.

ಮಂಚದ ಮೇಲೆ ಕೂತು ಅವನು ಹಳೆಯದನ್ನು ನೆನೆದ. ಊರಿಗೆ ಸಿಡುಬು ಬಂದ ವರ್ಷ ಅವನಿಗೆ ಎಂಟೋ ಒಂಬತ್ತೋ. ಡಾಕ್ಟರ ಜೊತೆ ಒಬ್ಬ ಮೀಸೆಯ ಪೊಲೀಸಿನವನು ಬಂದಿದ್ದ. ಬೆದರಿಸುವುದರಲ್ಲಿ ಅವನೇನೂ ಕಮ್ಮಿಯಿರಲಿಲ್ಲ, ಆದರೆ ಅವನ ಕೈಯಲ್ಲಿ ಕಾಗದವಿರಲಿಲ್ಲ. ಒಬ್ಬೊಬ್ಬರ ತೋಳು ಮಡಿಸಿ ದಾಕು ಹಾಕಿಸಿಕೊಂಡ ಲಸಿಕೆಯ ಕಲೆ ಇದೆಯೋ ಇಲ್ಲವೋ ನೋಡುತ್ತಿದ್ದ. ಕಾಳು ತುಂಬುವ ಹಗೇವಿನ ಗುಂಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಬಾಲಚಂದ್ರಪ್ಪನನ್ನೂ ಜುಟ್ಟು ಹಿಡಿದು ಮೇಲೆತ್ತಿ ತೋಳು ನೋಡಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಹಳೇ ಬಟನ್ ಫೋನಿಗೆ ಅಪೂರ್ವಾಳ ಕರೆ ಬಂತು.

"ತಾತ, ಜ್ವರ ಇಳೀತಿಲ್ಲ. ಟೆಸ್ಟ್‌ಗೆ ಹೋದ್ರೆ ವಾಪಸ್ ಕಳಿಸಿದ್ರು. ಪಟ್ಟೀಲಿರೋರಿಗೆ ಮಾತ್ರ ಅಂತೆ. ನನ್ನ ನಂಬರಿಗೆ ವಿಜಯವಾಡದಲ್ಲಿ ಆಗಲೇ ಟೆಸ್ಟ್ ಆಗಿ ನೆಗೆಟಿವ್ ಅಂತ ಬಂದಿದೆಯಂತೆ."

"ಉಸಿರು ಹೆಂಗೈತೆ?"

"ಮೆಟ್ಟಿಲು ಹತ್ತಿದ್ರೆ ಕಟ್ಟುತ್ತೆ. ರೂಮಲ್ಲಿ ಇನ್ನೂ ಮೂರು ಜನ ಇದಾರೆ ತಾತ, ಎಲ್ಲಿ ಹೋಗಿ ಮಲಗ್ಲಿ?"

ಅವಳ ಮಾತಿಗಿಂತ ಮಾತಿನ ನಡುವಿನ ಏದುಸಿರು ಅವನಿಗೆ ಹೆಚ್ಚು ಕೇಳಿಸಿತು.

ಮಧ್ಯಾಹ್ನ ಎಸ್‌ಐ ಸಾಯಿಕಿರಣ್ ನಗುನಗುತ್ತ ಬಂದ. ಹಿಂದೆ ದುರ್ಗಾಂಬ. "ತಾತಗಾರು, ನೆಗೆಟಿವ್ ಬಂದಿದೆ. ಮನೆಗೆ ಹೊರಡಿ."

"ನಾನು ಹೋಗಲ್ಲ ಸ್ವಾಮಿ."

"ಏನಂದ್ರಿ?"

"ನೀವು ಹುಡುಕ್ತಿದ್ದೋರು ಇನ್ನೂ ಸಿಕ್ಕಿಲ್ಲ. ಸಿಗೋವರೆಗೂ ಇಲ್ಲೇ ಇರ್ತೀನಿ."

ಎಸ್‌ಐ ನಕ್ಕ. ಆಮೇಲೆ ರೇಗಿದ. ಹೊರಗೆ ವ್ಯಾನಿನಲ್ಲಿ ಹನ್ನೊಂದು ಜನ ಕಾಯುತ್ತಿದ್ದಾರೆ, ಮಂಚ ಬೇಕು ಎಂದ. ಮುದುಕ ಮಂಚದ ಕಾಲು ಹಿಡಿದು ಕೂತ. ಕರೆತರುವಾಗ ರಟ್ಟೆಗೆ ಕೈಹಾಕಿದ್ದ ಪೊಲೀಸರಿಗೆ ಈಗ ಮುಟ್ಟಲು ಅಂಜಿಕೆ, ಕೆಳಗೆ ಟಿವಿಯವರಿದ್ದರು.

"ಆಚೆ ಮೊಮ್ಮಗಳು ಏದುಸಿರು ಬಿಡ್ತಾ ಅವಳೆ. ಫೋನು ಅವಳ ಹತ್ರ ಐತೆ ಅಂತ ಒಂದು ಮಾತು ತಿದ್ದಿ ಬರೀರಿ, ದಮ್ಮಯ್ಯ."

"ಬರೆಯೋಕೆ ಆಗಲ್ಲ ತಾತಾ!" ಸಾಯಿಕಿರಣ್ ಟೋಪಿ ತೆಗೆದು ಬೆವರು ಒರೆಸಿದ. ಅವನೂ ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದನೋ. "ಪಟ್ಟೀಲಿ ಸಿಗಬೇಕಾದೋರು ಬಾಕಿ ಸೊನ್ನೆ ಅಂತ ಮೇಲಿನೋರಿಗೆ ಕಳಿಸಾಗಿದೆ. ಈಗ ತಿದ್ದಬೇಕಾದ್ರೆ ಯಾರು ತಪ್ಪು ಮಾಡಿದ್ರು ಅಂತ ಕಾರಣ ಬರೀಬೇಕು. ನನ್ನ ಹೆಸರು ಬರೀಲಾ? ಈ ಯಮ್ಮಂದು ಬರೀಲಾ?"

ದುರ್ಗಾಂಬ ನೆಲ ನೋಡಿದಳು.

ನಾಲ್ಕು ದಿನದಿಂದ ಬಾಲಚಂದ್ರಪ್ಪ ನಿಜವನ್ನೇ ಹೇಳುತ್ತ ಬಂದಿದ್ದ. ಅದು ಬಾಗಿಲು ದಾಟಿರಲಿಲ್ಲ.

"ನನ್ನದು ಬರೀರಿ. ಫೋನು ನನ್ನ ಹತ್ರಾನೇ ಇತ್ತು ಅಂತ ಈ ಮುದುಕ ಸುಳ್ಳು ಹೇಳಿ ಪೊಲೀಸರ ದಾರಿ ತಪ್ಪಿಸಿದ ಅಂತ."

"ಕೇಸ್ ಆಗುತ್ತೆ ತಾತಾ" ಎಂದಳು ದುರ್ಗಾಂಬ ಮೆಲ್ಲಗೆ.

"ಆಗ್ಲಿ ಬಿಡವ್ವ. ಎಪ್ಪತ್ತಾರು ವರ್ಷಕ್ಕೆ ಮೊದಲನೇದು."

ಸಾಯಿಕಿರಣ್ ಬೇಡವೆನ್ನಲಿಲ್ಲ. ಮುದುಕ ಅವನ ಮುಖವನ್ನೇ ನೋಡಿದ. ಒಂದು ಮಾತಿಗಾದರೂ ಬೇಡ ಅನ್ನಬಾರದಿತ್ತೆ? ಕಾಗದ ಐದೇ ನಿಮಿಷದಲ್ಲಿ ತಯಾರಾಯಿತು. ಬಾಲಚಂದ್ರಪ್ಪ ಒಂದೊಂದೇ ಅಕ್ಷರ ಜೋಡಿಸಿ ಕನ್ನಡದಲ್ಲಿ ರುಜು ಹಾಕಿದ. ದುರ್ಗಾಂಬ ಅಲ್ಲೇ ನಿಂತು ಅಚ್ಯುತಾಪುರಂ ಠಾಣೆಗೆ ಫೋನು ಹಚ್ಚಿದಳು.

ಸಂಜೆ ಅವನು ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಅಪೂರ್ವಾ ಮತ್ತೆ ಫೋನು ಮಾಡಿದಳು. ಹಿಂದೆ ಆಂಬುಲೆನ್ಸಿನ ಸದ್ದು.

"ತಾತ, ಬಂದ್ರು. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದಾರೆ. ರೂಮಿನವರಿಗೂ ಟೆಸ್ಟ್ ಅಂತೆ."

"ನನ್ನವ್ವ! ಏನಾದ್ರೂ ತಕರಾರು ಮಾಡಿದ್ರಾ?"

"ಬಾಗಿಲಲ್ಲಿ ಪಟ್ಟಿ ಹಿಡ್ಕೊಂಡು, ಬಾಲಚಂದ್ರಪ್ಪ ಯಾರು ಅಂತ ಕೇಳಿದ್ರು. ಹೇಳ್ತಾ ಕೂತ್ರೆ ಮತ್ತೆ ವಾಪಸ್ ಹೋಗ್ತಾರೆ ಅನ್ನಿಸ್ತು." ಅವಳು ಕೆಮ್ಮಿ, ಉಸಿರು ಹಿಡಿದು ಹೇಳಿದಳು, "ನಾನೇ ಅಂದೆ. ತಲೆ ಎತ್ತಿ ನೋಡದೆ ರೈಟ್ ಹಾಕ್ಕೊಂಡ್ರು."