ಆರು ನಿಮಿಷದ ನಡಿಗೆ

ನನ್ನ ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅವರ ಪಾಲಿಗೆ ಯಾವ ಪರೀಕ್ಷೆಯಾದರೂ ಓಟದ ಪಂದ್ಯವೇ. ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲದ ಮೇಲಿಟ್ಟ ಎರಡು ಕೋನ್‌ಗಳ ನಡುವೆ ಆರು ನಿಮಿಷ ಹಿಂದೆ ಮುಂದೆ ನಡೆಯಬೇಕಿತ್ತು. ಎಷ್ಟು ದೂರ ನಡೆದರೆಂಬುದನ್ನು ನೋಡಿ ಡಾಕ್ಟರಮ್ಮ ಮುಂದಿನ ಔಷಧ ನಿರ್ಧರಿಸುವವರಿದ್ದರು.

ಇವರ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳು ಕಿರಿದಾಗಿವೆ, ಅವುಗಳೊಳಗೆ ರಕ್ತ ನೂಕಿ ನೂಕಿ ಹೃದಯದ ಬಲಭಾಗ ದಣಿಯುತ್ತಿದೆ ಎಂದು ಅವರು ಹಿಂದಿನ ಸಲವೇ ಚಿತ್ರ ಬರೆದು ತಿಳಿಸಿದ್ದರು. "ಪ್ರಜ್ಞೆ ತಪ್ಪಿ ಬಿದ್ರೆ ಮಾತ್ರ ಮುಚ್ಚಿಡಬೇಡಿ. ಹೃದಯ ಸೋಲ್ತಿರೋ ಗುರುತು ಅದು" ಎಂದಿದ್ದರು. ಇಬ್ಬರೂ ಜಾಣರ ಹಾಗೆ ತಲೆಯಾಡಿಸಿದ್ದೆವು.

ಈ ಪರೀಕ್ಷೆಗೆ ಮೂರು ದಿನ ಮೊದಲು ಇವರು ಮನೆಯ ಮೆಟ್ಟಿಲ ಮೇಲೆ ಕುಸಿದರು. ಎಚ್ಚರವಾದದ್ದೇ ತಡ, "ಬಾಯಿ ಬಿಟ್ರೆ ನನ್ನಾಣೆ!" ಎಂದರು. ಶಾಲೆಯವರು ಮೈದಾನ ಬಿಡಿಸಿ ಆಫೀಸಿನಲ್ಲಿ ಕೂರಿಸುತ್ತಾರೆಂಬ ಭಯ. ನಾನು, ದಡ್ಡಿ, ಬಾಯಿಗೆ ಬೀಗ ಹಾಕಿಕೊಂಡೆ.

"ನಿಮ್ಮ ಕೈಲಾದಷ್ಟು ನಡೀರಿ. ಸುಸ್ತಾದ್ರೆ ನಿಂತ್ಕೊಳ್ಳಿ" ಎಂದರು ನರ್ಸ್.

"ನಿಲ್ಲೋದಾ? ನಾನಾ?" ಎಂದು ಇವರು ಹೊರಟೇಬಿಟ್ಟರು.

ಎರಡನೇ ನಿಮಿಷದವರೆಗೆ ತಿರುವಿನಲ್ಲೆಲ್ಲ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು. ಮೂರನೆಯದರಲ್ಲಿ ತುಟಿ ಕಪ್ಪಿಟ್ಟಿತು. ನರ್ಸ್ ಗಡಿಯಾರ ನೋಡುತ್ತಿದ್ದರು. ಹೇಳಲೇ, ಬೇಡವೇ?

ಐದನೇ ನಿಮಿಷದಲ್ಲಿ ಇವರು ದೂರದ ಕೋನ್ ಹತ್ತಿರ ಬಗ್ಗಿ ಶೂ ಲೇಸ್ ಕಟ್ಟತೊಡಗಿದರು. ಸುಸ್ತಾದ ಮಕ್ಕಳು ಹೀಗೆ ಮಾಡಿದಾಗ, "ಕಳ್ಳಾಟ! ಲೆಕ್ಕಕ್ಕಿಲ್ಲ!" ಎಂದು ಗದರುತ್ತಿದ್ದ ಮನುಷ್ಯ. ಇವರು ಹಾಕಿದ್ದು ಪಟ್ಟಿಯ ಶೂ. ಅದಕ್ಕೆ ಲೇಸೇ ಇರಲಿಲ್ಲ.

"ಸಿಸ್ಟರ್, ನಿಲ್ಸಿ! ಮೊನ್ನೆ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ರು!" ಎಂದು ಕಿರುಚಿಕೊಂಡೆ.

ನರ್ಸ್ ಓಡಿ ಹೋಗಿ ಹಿಡಿದುಕೊಳ್ಳದಿದ್ದರೆ ನೆಲಕ್ಕೆ ಬೀಳುತ್ತಿದ್ದರು.

ಡಾಕ್ಟರಮ್ಮ ಬಂದು ಆಕ್ಸಿಜನ್ ಹಾಕಿಸಿದರು. "ಬಿದ್ದಿದ್ದನ್ನ ಈಗಲಾದ್ರೂ ಹೇಳಿದ್ರಲ್ಲ. ಬರೀ ದೂರ ನೋಡಿದ್ರೆ ಅದೇ ಗುಳಿಗೆ ಕೊಟ್ಟು ಮನೆಗೆ ಕಳಿಸ್ತಿದ್ದೆ. ಇವತ್ತೇ ಅಡ್ಮಿಟ್ ಆಗ್ಲಿ, ಔಷಧ ಬದಲಾಯಿಸೋಣ" ಎಂದರು.

ಇವರು ನನ್ನ ಮುಖ ನೋಡಲಿಲ್ಲ. ಮಾಸ್ಕ್ ಸರಿಸಿ, "ಎಷ್ಟು ಮೀಟರಾಯ್ತು?" ಎಂದರು.

"ಕಳ್ಳಾಟ. ಲೆಕ್ಕಕ್ಕಿಲ್ಲ" ಎಂದೆ. ಸಿಟ್ಟಿನಲ್ಲೇ ಅಂದೆ, ಕಣ್ಣು ಮಾತ್ರ ತುಂಬಿಕೊಂಡಿತು.

ಇವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ಭಯ ಆಗ್ತಿದೆ ಕಣೇ" ಎಂದರು.