ದೀಪೇಶನಿಗೆ ಹೆಣ್ಣು ನೋಡಿದ ಭಾನುವಾರ

ಭಾನುವಾರದ ತಿರುಗಾಟಕ್ಕೆ ನಮಗೆ ಹೆಚ್ಚು ಖರ್ಚಿಲ್ಲ. ಗಾಡಿ ಹಿರಿಮಗ ಮುಖೇಶನದ್ದೇ, ವಾರವಿಡೀ ಹಂಪನಕಟ್ಟೆಯ ಅಂಗಡಿಗಳಿಗೆ ಸಾಮಾನು ಹಾಕುವ ಓಮ್ನಿ. ಅಕ್ಕಿಯ ಉಂಡೆಕಡುಬು ಪುಂಡಿ, ಚಟ್ನಿ, ನೀರು ಎಲ್ಲ ಮನೆಯಿಂದ. ಕಾವೂರಿನಿಂದ ಬೆಳಿಗ್ಗೆ ಹೊರಟರೆ ಒಂದು ಜಲಪಾತವೋ, ಹೊಳೆಬದಿಯೋ, ಅಳಿವೆಯೋ ನೋಡಿ ಕತ್ತಲಾಗುವ ಮುಂಚೆ ಮನೆ ಸೇರಬಹುದು. ಜಯಕ್ಕನಿಗೆ ಈ ಪ್ರಾಯದಲ್ಲಿ ಟೂರಿನ ಹುಚ್ಚು ಎಂದು ನೆರೆಯವರು ನನ್ನನ್ನು ನೋಡಿ ನಗುತ್ತಾರೆ.

ಜಾಗ ಹೇಳುವುದು ಯಾವಾಗಲೂ ನಾನೇ. ಕೊರೋನಾ ಮುಗಿದ ಮೇಲಿನ ಮಳೆಗಾಲದಲ್ಲಿ, ಇಂಥದ್ದೇ ಒಂದು ಭಾನುವಾರ, ಕಿರಿಮಗ ದೀಪೇಶ ಗೆಳೆಯರೊಟ್ಟಿಗೆ ಘಟ್ಟದ ಬುಡದ ಜಲಪಾತಕ್ಕೆ ಹೋಗಿ ಬಂಡೆಯಿಂದ ಜಾರಿದ. ಹುಡುಕಿದರು, ದೇಹ ಸಿಗಲಿಲ್ಲ. ಸಿಗದ ಮೇಲೆ ಸತ್ತ ಎಂದು ಹೇಗೆ ಹೇಳುವುದು? ತಲೆಗೆ ಪೆಟ್ಟಾಗಿ, ಹೆಸರು ಮರೆತು, ಯಾರದೋ ತೋಟದಲ್ಲಿ ಕೆಲಸ ಮಾಡಿಕೊಂಡಿರಬಹುದು. ಆ ನೀರು ಹರಿಯುವ ಊರುಗಳನ್ನೆಲ್ಲ ನಾನು ನೋಡಿದ್ದೇನೆ. ಊರಿಗಿಂತ ಹೆಚ್ಚು ಮುಖಗಳನ್ನು ನೋಡಿದ್ದೇನೆ.

ಆ ಭಾನುವಾರ ಮಾತ್ರ ಜಾಗ ಹೇಳಿದವನು ಮುಖೇಶ.

"ಕಾರ್ಕಳದ ದಾರಿಯಲ್ಲಿ ಒಂದು ಮ್ಯೂಸಿಯಂ ಉಂಟಮ್ಮ. ಹಳೆ ಸಾಮಾನೆಲ್ಲ ಇಟ್ಟಿದ್ದಾರೆ."

"ಹಳೆ ಸಾಮಾನು ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ಮನೆಯಲ್ಲಿ ನಾನಿಲ್ವಾ?"

ಅವನು ನಗಲಿಲ್ಲ. ಮಗಳು ಅಕ್ಷಿತಾ ಹಿಂದಿನ ಸೀಟಿನಲ್ಲಿ ಹೊರಗೆ ನೋಡುತ್ತ ಕುಳಿತಿದ್ದಳು. ಮೂಡುಬಿದಿರೆ ದಾಟಿದ ಮೇಲೆ ಮುಖೇಶ ಬಾಯಿಬಿಟ್ಟ.

"ಅಲ್ಲಿಗೆ ಕುಶಲಾ ಅಂತ ಒಬ್ರು ಬರ್ತಾರೆ. ಅವರ ಮಗಳು ಸಣ್ಣದಿರುವಾಗ ಜ್ವರದಲ್ಲಿ ತೀರಿಹೋದದ್ದು. ಈಗ ಇದ್ದಿದ್ರೆ ದೀಪುವಿಗೆ ಸರಿಯಾದ ಪ್ರಾಯ."

ನನಗೆ ಅರ್ಥವಾಯಿತು. ಮದುವೆಯಾಗದೆ ಸತ್ತವರಿಗೂ ನಮ್ಮಲ್ಲಿ ಹೆಣ್ಣುಗಂಡು ನೋಡಿ ಮದುವೆ ಮಾಡುತ್ತಾರೆ. ಕುಲೆ ಮದುವೆ ಎನ್ನುತ್ತೇವೆ. ಅದಾಗದಿದ್ದರೆ ಸತ್ತವರು ಮನೆಯ ಉಳಿದ ಮದುವೆಗಳಿಗೆ ಅಡ್ಡ ನಿಲ್ಲುತ್ತಾರಂತೆ. ಅಕ್ಷಿತಾಳಿಗೆ ಬಂದ ಸಂಬಂಧಗಳೆಲ್ಲ ಮಾತುಕತೆಯಲ್ಲೇ ಮುರಿದಿದ್ದವು. ಈಗ ಬಂದ ದೋಹಾದ ಹುಡುಗನ ಮನೆಯವರು, ಮೊದಲು ಸತ್ತ ಅಣ್ಣನದ್ದು ಮುಗಿಸಿ, ಆಮೇಲೆ ನಮ್ಮ ಮಾತು ಎಂದಿದ್ದರು.

"ಗಾಡಿ ತಿರುಗಿಸು."

"ಒಮ್ಮೆ ಅವರೊಟ್ಟಿಗೆ ಮಾತಾಡು ಅಮ್ಮ. ಇಷ್ಟು ವರ್ಷ ನೀನು ಹೇಳಿದಲ್ಲಿಗೆಲ್ಲ ಬಂದಿದ್ದೇನೆ. ಎಂತಕ್ಕೆ ಅಂತ ಒಂದು ದಿನ ಕೇಳಿದ್ದೇನಾ?"

ಕೇಳಿರಲಿಲ್ಲ.

ಹಂಚಿನ ಹಳೆಯ ಮನೆಯೊಂದನ್ನೇ ಮ್ಯೂಸಿಯಂ ಮಾಡಿದ್ದರು. ನೇಗಿಲು, ಒನಕೆ, ಬೀಸುವ ಕಲ್ಲು, ಒಂದೊಂದರ ಎದುರೂ ಹೆಸರಿನ ಚೀಟಿ. ಅಂಗಳದ ಚಪ್ಪರದಡಿ ಮರದ ದೋಣಿಯೊಂದಿತ್ತು. ಅದರ ಅಂಚಿನಲ್ಲಿ ಕುಳಿತಿದ್ದ ಹೆಂಗಸನ್ನು ಕಾವಲಿನವ ಎಬ್ಬಿಸುತ್ತಿದ್ದ.

"ಅಮ್ಮ, ಅದು ನೋಡ್ಲಿಕ್ಕೆ ಇಟ್ಟದ್ದು, ಕೂರ್ಲಿಕ್ಕೆ ಅಲ್ಲ."

"ನನ್ನ ಕಾಲಿಗೆ ಅದು ಗೊತ್ತಾಗ್ಬೇಕಲ್ಲ ಮಾರಾಯ."

ಅವರೇ ಕುಶಲಾ. ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾವು ಜಗಲಿಯಲ್ಲಿ ಕುಳಿತೆವು. ಮುಖೇಶ ಜಾತಿ, ಮನೆತನ, ದೀಪೇಶನ ಓದು ಎಲ್ಲ ಹೇಳಿದ. ಅವರು ಪೂರ್ತಿ ಕೇಳಿ, "ನೀನು ಸ್ವಲ್ಪ ಆಚೆ ಹೋಗು ಮಗ" ಎಂದು ನನ್ನ ಕಡೆ ತಿರುಗಿದರು.

"ಜಯಕ್ಕ, ನನ್ನ ನವ್ಯಳನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು. ಅವಳು ಹೋದದ್ದರಲ್ಲಿ ನನಗೆ ಸಂಶಯ ಇಲ್ಲ. ನಿಮ್ಮ ಮಗನ ಹೆಣ ಸಿಗ್ಲಿಲ್ಲ ಅಂತ ಕೇಳಿದೆ. ಹೌದಾ?"

"ಹೌದು."

"ಹಾಗಾದ್ರೆ ಸತ್ತದ್ದು ಖಂಡಿತವಾ?"

ನಾನು ಅಂಗಳದ ದೋಣಿಯ ಕಡೆ ನೋಡಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವಳಿಗೆ ಎಷ್ಟೋ ಕಡೆ ಗಂಡು ನೋಡಿದ್ದೇನೆ. ಒಂದು ಹುಡುಗನಿಗೆ ಕುಡಿತ ಇತ್ತಂತೆ, ಬೇಡ ಅಂದೆ. ಸತ್ತವನು ಇನ್ನೆಲ್ಲಿ ಕುಡಿಯುದು ಅಂತ ನನ್ನ ತಮ್ಮ ಬೈದ. ನಿಮ್ಮ ಹುಡುಗ ಒಳ್ಳೆಯವನು ಅಂತ ಕೇಳಿದವರೆಲ್ಲ ಹೇಳಿದ್ರು. ಆದ್ರೆ ಬದುಕಿರುವವನಿಗೆ ಕೊಟ್ರೆ ನನ್ನ ಮಗಳು ಅಲ್ಲಿಯೂ ಒಬ್ಬಳೇ. ಗಂಡ ಬರುದಿಲ್ಲ. ತಾಯಿಯ ಮನೆಗೆ ತಿರುಗಿ ಬರುವ ಹಾಗೂ ಇಲ್ಲ. ಎಲ್ಲಿ ನಿಲ್ಲುದು ಆ ಮಗು?"

"ಅವಳು ಹಾಗೆ ನಡುವೆ ನಿಲ್ಲುವಂತೆ ಆಗಬಾರದು" ಎಂದೆ.

"ಹಾಗಾದ್ರೆ ಸತ್ತದ್ದು ಹೌದು ಅಂತ ನಿಮ್ಮ ಮಗಳ ತಲೆ ಮುಟ್ಟಿ ಹೇಳಿ. ನನಗೆ ಅಷ್ಟು ಸಾಕು."

ಅಕ್ಷಿತಾಳನ್ನು ಅವರೇ ಕರೆದರು. ಅವಳು ಬಂದು ಕೆಳಗಿನ ಮೆಟ್ಟಿಲಲ್ಲಿ, ನನ್ನ ಕಾಲ ಬಳಿ ಕುಳಿತಳು.

"ನಿನಗೆ ಆಗದಿದ್ರೆ ಬೇಡ ಅಮ್ಮ" ಎಂದಳು ಮೆಲ್ಲಗೆ. "ನಂಗೆ ಅಭ್ಯಾಸ ಆಗಿದೆ."

ಬೈತಲೆಯ ಬದಿಯಲ್ಲಿ ಕೂದಲು ಬೆಳ್ಳಗಾಗತೊಡಗಿತ್ತು. ಇಷ್ಟು ದಿನ ಮನೆಯಲ್ಲೇ ಇದ್ದ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಹೇಳದಿದ್ದರೆ ಇವಳು ಹೀಗೆಯೇ ಉಳಿಯುತ್ತಾಳೆ. ಹೇಳಿದ್ದು ಸುಳ್ಳಾದರೆ ಅದು ತಟ್ಟುವುದೂ ಇವಳಿಗೇ. ಕೈ ಇಟ್ಟೆ. ತಲೆ ಬಿಸಿಲಿಗೆ ಕಾದಿತ್ತು.

"ಸತ್ತಿದ್ದಾನೆ" ಎಂದೆ.

ದೋಣಿಯ ಹತ್ತಿರ ನಿಂತಿದ್ದ ಮುಖೇಶ ಗೋಡೆಯ ಕಡೆ ಮುಖ ಮಾಡಿದ.

ಕುಶಲಾ ನನ್ನ ಕೈ ಹಿಡಿದುಕೊಂಡರು. "ಇನ್ನು ನಾವು ನೆಂಟರು. ಮದುವೆಯ ದಿನ ಹುಡುಗನ ಬದಲಿಗೆ ಕುರ್ಚಿಯಲ್ಲಿ ಇಡ್ಲಿಕ್ಕೆ ಅವನದೊಂದು ಅಂಗಿ ತನ್ನಿ, ಪಂಚೆ ಹೊಸತು ನಾನು ತರ್ತೇನೆ. ಹುಡುಗನ ಬಣ್ಣ ಹೇಗೆ? ಸೀರೆ ಅದಕ್ಕೆ ಹೊಂದ್ಬೇಕಲ್ಲ."

"ಕಪ್ಪು. ನನ್ನ ಹಾಗೆ."

"ನವ್ಯಳೂ ಕಪ್ಪೇ" ಎಂದು ಅವರು ಸಮಾಧಾನಪಟ್ಟರು.

ಗೇರುಮರದ ನೆರಳಲ್ಲಿ ಪುಂಡಿ ಬಿಚ್ಚಿದೆವು. ಕುಶಲಾ ಒತ್ತಾಯ ಮಾಡಿ ಅಕ್ಷಿತಾಳಿಗೆ ಬಡಿಸುತ್ತಿದ್ದರು. ಅಷ್ಟರಲ್ಲಿ ಬಸ್ಸೊಂದು ಬಂತು. ಭಾನುವಾರದ ಜನ ಗಲಾಟೆ ಮಾಡುತ್ತ ಇಳಿದರು. ಅವರಲ್ಲೊಬ್ಬ ನಲ್ಲಿಯ ಹತ್ತಿರ ನಮಗೆ ಬೆನ್ನು ಹಾಕಿ ಮುಖ ತೊಳೆಯಲು ಬಗ್ಗಿದ. ಎಡಭುಜ ಸ್ವಲ್ಪ ಮೇಲೆ, ಕುತ್ತಿಗೆ ಬಲಕ್ಕೆ. ದೀಪೇಶ ಹಾಗೆಯೇ ಬಗ್ಗುತ್ತಿದ್ದ.

ಇಂಥ ಎಷ್ಟೋ ಬೆನ್ನುಗಳನ್ನು ನಾನು ಹೋಗಿ ತಿರುಗಿಸಿದ್ದೇನೆ, ಬೈಸಿಕೊಂಡಿದ್ದೇನೆ. ಮೊಣಕಾಲು ತಾನಾಗಿಯೇ ಏಳಲು ಹೊರಟಿತು. ಕೈಯೂರಿ ತಡೆದು, ತಟ್ಟೆಗೆ ತಲೆ ಬಗ್ಗಿಸಿದೆ. ಅವನು ಈ ಕಡೆ ತಿರುಗದಿರಲಿ, ತಿರುಗಿದರೂ ನನ್ನ ಮಗ ಆಗದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

"ಎಂತ ಜಯಕ್ಕ, ಚಟ್ನಿ ಖಾರ ಆಯ್ತಾ?"

"ಇಲ್ಲ" ಎಂದೆ. "ಮುಖೇಶ, ಗಾಡಿ ತೆಗಿ. ಹೋಗುವ."