ಬಾಗಿಲ ಹೊರಗೆ ನಿಂತವರು

ಬಿಲ್ವಪತ್ರೆ ಬಿಡಿಸುತ್ತಲೇ ಬಸವೇಶ್ವರಿ ತನ್ನೊಳಗೆ ಒಪ್ಪಿಕೊಂಡಳು: ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯುವುದು ತನ್ನಿಂದಾಗದು, ಇವತ್ತೂ ಆಗಲಿಕ್ಕಿಲ್ಲ.

ಪಡಸಾಲೆಯಲ್ಲಿ ತೀರಿಕೊಂಡ ಅಮೃತಪ್ಪ ಕಾಕಾನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಚಿತ್ತಾಪುರದ ಈ ಓಣಿಯಲ್ಲಿ ಅವರು ಪಕ್ಕದ ಮನೆಯವರು. ಹೈದರಾಬಾದಿನ ಕ್ರೆಡಿಟ್ ರೇಟಿಂಗ್ ಕಚೇರಿಯಲ್ಲಿ ಅವಳಿಗೆ ಮೇಲಧಿಕಾರಿಯಾಗಿದ್ದರು. ಯಾವ ಕಂಪನಿ ಸಾಲ ತೀರಿಸೀತು, ಯಾವುದು ಮುಳುಗೀತು ಎಂದು ತೂಗಿ ಹೇಳುವ ಕೆಲಸ.

ಶಹಾಬಾದಿನಿಂದ ಬಂದ ಕಾಕಾನ ಅಕ್ಕ ಶರಣಬಸಮ್ಮ ಹೊಸ್ತಿಲಾಚೆ ಚಪ್ಪಲಿಗಳ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಒಡಹುಟ್ಟಿದವಳು ಪತ್ರೆ ಏರಿಸದೆ ಹೊರಡುವುದು ಹೇಗೆಂದು ಹಿರಿಯರು ಕಾಯುತ್ತಿದ್ದರು.

"ನಮ್ಮ ಮನ್ಯಾಗ ಒಂದು ಗುಟುಕು ಚಾ ಒಲ್ಲೆಂದಾವ. ನನ್ನ ಕೈ ಪತ್ರಿ ಬೇಕೇನು ಅವಂಗ?" ಎಂದಳು ಅವಳು.

ಲಗ್ನದ ಹುಗ್ಗಿಗೂ ರೇಟಿಂಗ್ ಕೊಡುವ ಮನುಷ್ಯ, ನಿಮ್ಮ ಚಾ ಪಾಸಾಗಿರಲಿಕ್ಕಿಲ್ಲ ಎಂದು ಕಾಕಾನ ಗೆಳೆಯ ಗುಲಾಮ್ ರಸೂಲ್ ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನೇ ಕಣ್ಣೊರೆಸಿಕೊಂಡ.

*

ಶರಣಬಸಮ್ಮನ ಗಂಡನದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಂಪನಿ. ಷೇರುಪೇಟೆಗೆ ಹೋಗದೆ, ಕೆಲವೇ ಹೂಡಿಕೆದಾರರಿಗೆ ಸಾಲಪತ್ರ ಕೊಟ್ಟು ದುಡ್ಡು ಎತ್ತಬೇಕೆಂದು ಅದು ಇವರ ಕಚೇರಿಗೇ ರೇಟಿಂಗಿಗೆ ಬಂತು. ಋಣ ತಗುಲಬಾರದೆಂದು ಅಂದಿನಿಂದ ಕಾಕಾ ಅಕ್ಕನ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ರೇಟಿಂಗ್ ತೀರ್ಮಾನಿಸುವ ಸಮಿತಿಯ ಸಭೆಯಲ್ಲಿ ಆ ಹೆಸರು ಬಂದ ಕೂಡಲೇ, ಇದು ನಮ್ಮವರದು ಎಂದು ಎದ್ದು ಹೊರಗೆ ಹೋದರು. ಟಿಪ್ಪಣಿ ಬರೆಯುತ್ತಿದ್ದ ಬಸವೇಶ್ವರಿಗೆ ಬಾಗಿಲ ಗಾಜಿನಲ್ಲಿ ಅವರ ಬೆನ್ನು ಕಾಣುತ್ತಿತ್ತು. ಆ ಬೆನ್ನು ಒಮ್ಮೆಯೂ ತಿರುಗಲಿಲ್ಲ.

ರೇಟಿಂಗ್ ತೀರ ಕೆಳಗೆ ಬಂತು. ಸಾಲಪತ್ರ ಯಾರೂ ಕೊಳ್ಳಲಿಲ್ಲ, ಕಂಪನಿ ಮುಚ್ಚಿತು. ತಮ್ಮನೇ ಕುತ್ತಿಗೆ ಕೊಯ್ದ ಎಂದು ಅಕ್ಕ ಮಾತು ಬಿಟ್ಟಳು.

ನಾನಲ್ಲ ಎಂದು ಹೇಳಬಾರದೇ ಎಂದು ಬಸವೇಶ್ವರಿ ಕೇಳಿದ್ದಳು.

"ನಾ ಅಲ್ಲಂದ್ರ ಮತ್ಯಾರು ಅಂತಾರವ್ವಾ," ಎಂದಿದ್ದರು ಕಾಕಾ. "ಒಳಗಿದ್ದವರಿಗೆ ಬೈಗುಳ ಹಂಚಿ ನಾ ಏನು ಮಾಡ್ಲಿ?"

ಒಳಗಿದ್ದವರಲ್ಲಿ ತಾನೂ ಒಬ್ಬಳು! ಇಷ್ಟು ದೊಡ್ಡ ಮೌನ ಒಬ್ಬ ಮನುಷ್ಯನ ಎದೆಯಲ್ಲಿ ಹಿಡಿಸುತ್ತದೆಯೇ ಎಂದು ಅವಳು ಬೆರಗಾಗಿ ಕೂತಿದ್ದಳು.

*

ಹೊತ್ತಾಯಿತು, ಎತ್ತರಿ ಎಂದರು ಹಿರಿಯರು. ಶರಣಬಸಮ್ಮ ತಿರುಗಿ ಕಾಲಿಂದ ಚಪ್ಪಲಿ ಹುಡುಕತೊಡಗಿದಳು.

ಬಸವೇಶ್ವರಿ ಪತ್ರೆಯ ತಟ್ಟೆ ಹಿಡಿದು ಎದ್ದಳು. ಕಾಕಾನ ಮುಂದೆ ಹಾದು ಹೊಸ್ತಿಲಿಗೆ ಬಂದಳು. ತಟ್ಟೆಯನ್ನು ಹೊಸ್ತಿಲ ಆಚೆಗೆ ಚಾಚಿದಳು.

"ಅತ್ತೀ, ನಿಮ್ಮ ಕಂಪನಿ ಮಾತು ನಡೆದಾಗ ಕಾಕಾ ಒಳಗ ಇರ್ಲೇ ಇಲ್ರಿ. ಈಗ ನೀವು ನಿಂತಂಗೇ ಬಾಗಲ ಹೊರಗ ನಿಂತಿದ್ರು. ಒಳಗಿದ್ದಾಕಿ ನಾ."